ಸೆರಗಿನ ಮರೆಯ ಉಪ್ಪು

ಶನಿವಾರ ಸಂಜೆ ಆರೂವರೆಗೆ ಏಕಾಂತಪ್ಪನವರ ಮನೆಯಲ್ಲಿ ಟೀವಿ ಮುಂದೆ ಕೂರುವುದಕ್ಕೊಂದು ಕ್ರಮವಿತ್ತು. ಬೆತ್ತದ ಕುರ್ಚಿ ಏಕಾಂತಪ್ಪನವರದು. ದಿವಾನದ ಮೇಲೆ ಮಗ ಮಲ್ಲೇಶ್, ಅವನ ಕಾಲ ಬಳಿ ಚಾಪೆಯ ಮೇಲೆ ಮೊಮ್ಮಗಳು ಸೌಂದರ್ಯ. ಸೊಸೆ ತನುಜಾ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಅವರೆಕಾಯೋ ಸೊಪ್ಪೋ ಏನಾದರೊಂದು ಬಿಡಿಸುತ್ತಿದ್ದಳು. ಕಲ್ಲಮ್ಮ ಮಾತ್ರ ಕೂರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಕಣ್ಣು ಟೀವಿಯ ಮೇಲೆ ಇಟ್ಟು ನೋಡುವುದು ಅವರ ರೂಢಿ.

ಬರುತ್ತಿದ್ದದ್ದು 'ಊರೂರ ಸೌಟು' ಎಂಬ ಅಡುಗೆ ಸ್ಪರ್ಧೆ. ಚಾನೆಲ್ಲಿನವರು ಒಂದೊಂದು ವಾರ ಒಂದೊಂದು ಊರಿಗೆ ಹೋಗಿ, ಅಲ್ಲಿನ ಅತ್ತೆ ಸೊಸೆಯರ ಜೋಡಿಗಳನ್ನು ಕರೆದು, ಎಲ್ಲರ ಎದುರು ಅಡುಗೆ ಮಾಡಿಸಿ ಬಹುಮಾನ ಕೊಡುತ್ತಿದ್ದರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಆಗ ಕೇಬಲ್ ಇಲ್ಲದ ಮನೆ ಕಡಿಮೆ. ಆ ಹೊತ್ತಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ, ಒಂದು ಮನೆಯಲ್ಲಿ ಹಾಕಿದ ಒಗ್ಗರಣೆ ಮುಂದಿನ ಮನೆಯಲ್ಲಿ ಸಿಡಿಯುವುದನ್ನು ಕೇಳಿಕೊಂಡೇ ಹೋಗಬಹುದಿತ್ತು.

ಏಕಾಂತಪ್ಪ ಕಾಗದದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅಡುಗೆಯನ್ನೂ ಅವರು ಪಾಳಿಯ ಕೆಲಸ ನೋಡಿದ ಹಾಗೆಯೇ ನೋಡುತ್ತಿದ್ದರು. ಟೀವಿಯಲ್ಲಿ ಯಾರಾದರೂ ಸೌಟನ್ನು ಬಾಯಿಗೆ ತಾಗಿಸಿದರೆ ಸಾಕು, ಕುರ್ಚಿಯಿಂದ ಮುಂದಕ್ಕೆ ಬಾಗುತ್ತಿದ್ದರು.

"ನೋಡ್ದೇನೋ ಮಲ್ಲೇಶಿ? ಬಾಯಿಗಿಟ್ಲು. ಮುಗೀತು, ಎಂಜಲಾಯ್ತು ಅಡಿಗೆ."

"ಅವ್ರ ಮನೇಲಿ ನಡಿಯುತ್ತೆ ಬಿಡಿ ಅಪ್ಪಾಜಿ."

"ಅವ್ರ ಮನೇಲಿ ಏನಾದ್ರೂ ನಡೀಲಿ. ನಮ್ಮನೇಲಿ ನಮ್ಮವ್ವನ ಕಾಲದಿಂದ ಲಿಂಗಕ್ಕೆ ಅರ್ಪಿಸದೆ ಒಂದು ಅಗುಳೂ ಯಾರ ನಾಲಿಗೆಗೂ ಹೋಗಿಲ್ಲ. ನಿಮ್ಮಮ್ಮನ ಕೈ ಅಂದ್ರೆ ಕೈ. ರುಚಿ ನೋಡ್ದೆ ಉಪ್ಪು ಹಾಕ್ತಾಳೆ, ತಕ್ಕಡೀಲಿ ತೂಗಿದಂಗಿರುತ್ತೆ."

ಈ ಮಾತು ಬಂದಾಗಲೆಲ್ಲ ಕಲ್ಲಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಹಾಲು ಇಲ್ಲದಿದ್ದರೂ ಒಳಗೆ ಹೋಗುತ್ತಿದ್ದರು.

ಅವರ ಮನೆಯ ಪದ್ಧತಿ ಹಾಗಿತ್ತು. ಏಕಾಂತಪ್ಪ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಎದುರಿಗಿಟ್ಟ ಅಡುಗೆಯನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಆಮೇಲೆ ತಾವು ಉಣ್ಣಬೇಕು. ಅದಕ್ಕೆ ಮುಂಚೆ ಅಡುಗೆ ಮಾಡುವವರು ರುಚಿ ನೋಡುವ ಹಾಗಿಲ್ಲ. ಆದರೆ ಕಲ್ಲಮ್ಮ ಮದುವೆಯಾಗಿ ಬಂದ ಮೊದಲ ವರ್ಷದಿಂದಲೂ ರುಚಿ ನೋಡಿಯೇ ಅಡುಗೆ ಮಾಡುತ್ತಿದ್ದರು. ಸಾರು ಕುದಿ ಬಂದಾಗ ಸೌಟಿನ ತುದಿಯಿಂದ ಎಡಗೈಗೆ ಒಂದು ತೊಟ್ಟು ಬಿಟ್ಟುಕೊಳ್ಳುವುದು, ಹೊಗೆಗೆ ಕಣ್ಣುರಿಯಿತು ಅನ್ನುವ ಹಾಗೆ ಸೆರಗನ್ನು ಮುಖದ ಮುಂದೆ ತರುವುದು, ಆ ಸೆರಗಿನ ಮರೆಯಲ್ಲಿ ಅಂಗೈಯನ್ನು ನಾಲಿಗೆಗೆ ತಾಗಿಸುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಹೊಗೆಯೇ ಇರಲಿಲ್ಲ, ಸೆರಗು ಮಾತ್ರ ಮುಖಕ್ಕೆ ಹೋಗುವುದು ನಿಲ್ಲಲಿಲ್ಲ. 'ನಿಮ್ಮಮ್ಮನಿಗೆ ಒಲೆ ಮುಂದೆ ಬೆವರು ಜಾಸ್ತಿ, ಒಂದು ಫ್ಯಾನ್ ಹಾಕ್ಸೋ' ಎಂದು ಏಕಾಂತಪ್ಪ ಮಗನಿಗೆ ಹೇಳಿ ಅಡುಗೆಮನೆಗೆ ಫ್ಯಾನೂ ಬಂದಿತ್ತು. ಫ್ಯಾನ್ ತಿರುಗಿದರೆ ಗ್ಯಾಸಿನ ಉರಿ ಅಲ್ಲಾಡುತ್ತದೆಂದು ಅದನ್ನು ಯಾರೂ ಹಾಕುತ್ತಿರಲಿಲ್ಲ, ಅದು ಬೇರೆ ಮಾತು.

ಇಷ್ಟೇ ಆಗಿದ್ದರೆ ಕಲ್ಲಮ್ಮ ಹೇಗೋ ನಿಭಾಯಿಸಿಬಿಡುತ್ತಿದ್ದರು. ತಮಗೆ ಗೊತ್ತಿದ್ದದ್ದು ತಮ್ಮ ಜೊತೆಗೇ ಇರುತ್ತಿತ್ತು. ಆದರೆ ನಡುವೆ ಸೊಸೆ ಬಂದಳು.

ತನುಜಾ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗಳು. ಮದುವೆಯಾದ ಹೊಸತರಲ್ಲಿ ಒಂದು ದಿನ ತೊವ್ವೆಗೆ ಉಪ್ಪು ಹಾಕಿ, ಚಮಚದಲ್ಲಿ ಸ್ವಲ್ಪ ತೆಗೆದು, ಊದಿ, ಆರಾಮಾಗಿ ಬಾಯಿಗಿಟ್ಟಳು. ಏಕಾಂತಪ್ಪ ನೀರು ಕುಡಿಯಲು ಅದೇ ಹೊತ್ತಿಗೆ ಒಳಗೆ ಬಂದಿದ್ದರು. ಅವರ ಮುಖ ನೋಡಿ ಕಲ್ಲಮ್ಮ ತೊವ್ವೆಯ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಪಕ್ಕದ ಮನೆಯ ಎಮ್ಮೆಯ ಬಾನಿಗೆ ಸುರಿದು ಬಂದರು. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಲ ಬೀಗಿತ್ತಿ ಜಗದಾಂಬಾ ಮಗಳನ್ನು ನೋಡಲು ಬಂದಾಗ, "ಬಿ.ಕಾಂ. ಓದ್ಸಿದೀರ, ಇದೊಂದು ಹೇಳ್ಕೊಡ್ಲಿಲ್ವಾ?" ಎಂದು ಕೇಳಿಯೂಬಿಟ್ಟರು. ಜಗದಾಂಬಾ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು, ಅಷ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಕಲ್ಲಮ್ಮ ಆಮೇಲೆ ತಮ್ಮನ್ನು ತಾವೇ ಕೇಳಿಕೊಂಡದ್ದುಂಟು. ತಾನು ಕದ್ದು ಮಾಡಿಕೊಂಡು ಬಂದದ್ದನ್ನು ಈ ಹುಡುಗಿ ಎದುರಿಗೇ, ಭಯವಿಲ್ಲದೆ ಮಾಡಿದಳಲ್ಲ ಎಂಬ ಸಿಟ್ಟಿರಬೇಕು. ಅಂದಿನಿಂದ ತನುಜಾ ರುಚಿ ನೋಡುವುದನ್ನು ಬಿಟ್ಟಳು. ಅವಳ ಅಡುಗೆ ಒಂದು ದಿನ ಉಪ್ಪುಪ್ಪು, ಒಂದು ದಿನ ಸಪ್ಪೆ. ಹೀಗಾಗಿ ಕೊನೆಯ ಉಪ್ಪು ಹಾಕುವ ಅಧಿಕಾರ ಹತ್ತು ವರ್ಷದಿಂದಲೂ ಕಲ್ಲಮ್ಮನ ಕೈಯಲ್ಲೇ ಉಳಿದಿತ್ತು.

ಅಂಥದ್ದರಲ್ಲಿ 'ಊರೂರ ಸೌಟು' ಶಿವಮೊಗ್ಗಕ್ಕೇ ಬಂತು. ತನುಜಾ ಯಾರಿಗೂ ಹೇಳದೆ ತನ್ನ ಹೆಸರು, ಅತ್ತೆಯ ಹೆಸರು ಬರೆದು ಕಳಿಸಿಬಿಟ್ಟಿದ್ದಳು. ಚಾನೆಲ್ಲಿನಿಂದ ಫೋನ್ ಬಂದಾಗ ಕಲ್ಲಮ್ಮ ಕೈ ಕೊಡವಿದರು. "ನಾನೊಲ್ಲೆ ತಾಯಿ. ಜನದ ಮುಂದೆ ಕೈಕಾಲು ಆಡಲ್ಲ." ಆದರೆ ಏಕಾಂತಪ್ಪ ಕೇಳಲಿಲ್ಲ. "ಹೋಗ್ರೇ, ನೋಡ್ದೆ ಮಾಡೋ ಅಡಿಗೆ ಹೆಂಗಿರುತ್ತೆ ಅಂತ ರಾಜ್ಯಕ್ಕೆಲ್ಲ ಗೊತ್ತಾಗ್ಲಿ" ಎಂದರು. ಹಾಗಂದ ಮೇಲೆ ಹೋಗದಿರುವುದಕ್ಕೆ ಕಾರಣ ಹೇಳುವುದು ಕಷ್ಟ.

ಒಂದು ಕಲ್ಯಾಣ ಮಂಟಪದಲ್ಲಿ ಶೂಟಿಂಗು. ಮದುವೆಯ ದಿನ ವಧೂವರರು ಕೂರುವ ಜಾಗದಲ್ಲಿ ನಾಲ್ಕು ಗ್ಯಾಸ್ ಒಲೆ ಇಟ್ಟಿದ್ದರು. ಅತ್ತೆ ಸೊಸೆ ಆರಿಸಿಕೊಂಡದ್ದು ಅಕ್ಕಿ ಕಡುಬು ಮತ್ತು ಹುರುಳಿಕಟ್ಟಿನ ಸಾರು. ಎಲ್ಲವೂ ಸರಿಯಾಗಿಯೇ ನಡೆಯಿತು, ಉಪ್ಪಿನವರೆಗೆ. ಅಲ್ಲಿಟ್ಟಿದ್ದದ್ದು ಗಾಜಿನ ಸೀಸೆಯಲ್ಲಿ ಪುಡಿ ಉಪ್ಪು. ಕಲ್ಲಮ್ಮನದು ಕಲ್ಲುಪ್ಪಿಗೆ ಪಳಗಿದ ಕೈ. ಬೆರಳ ತುದಿಗೆ ಸಿಕ್ಕ ಆ ಹಿಟ್ಟಿನಂಥ ಉಪ್ಪು ಎಷ್ಟೆಂದು ತಿಳಿಯಲೇ ಇಲ್ಲ. ತನುಜಾ ಆಚೆ ಬದಿಯಲ್ಲಿ ಕಾರ್ಯಕ್ರಮ ನಡೆಸುವ ಹುಡುಗಿಯ ಹತ್ತಿರ ಮೈಕಿನಲ್ಲಿ ಏನೋ ಮಾತಾಡುತ್ತಿದ್ದಳು. ಕಲ್ಲಮ್ಮನ ಸೆರಗು ತಾನಾಗಿಯೇ ಮುಖಕ್ಕೆ ಬಂತು. ಒಂದು ಸಲ ಸಾಲದೆ ಎರಡು ಸಲ ಬಂತು. ಕೆಲಸ ಮುಗಿಸಿ ಸೆರಗು ಇಳಿಸಿ ಪಕ್ಕಕ್ಕೆ ತಿರುಗಿದರೆ, ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬ ಮನುಷ್ಯ ಮಾರು ದೂರದಲ್ಲಿ ನಿಂತಿದ್ದ. ಎದುರಿಗಿದ್ದವರಿಗೆ ಸೆರಗು ಅಡ್ಡ ಇತ್ತು. ಅವನಿಗೆ ಏನೂ ಅಡ್ಡ ಇರಲಿಲ್ಲ.

ಅವರ ಜೋಡಿಗೆ ಎರಡನೆಯ ಬಹುಮಾನ ಬಂತು, ಒಂದು ಮಿಕ್ಸಿ. ಬಸ್ಸಿನಲ್ಲಿ ಮಿಕ್ಸಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡು ತನುಜಾ ಭದ್ರಾವತಿಯವರೆಗೂ ನಗುತ್ತ ಮಾತಾಡುತ್ತ ಬಂದಳು. ಕಲ್ಲಮ್ಮ ಕಿಟಕಿಯಾಚೆ ನೋಡುತ್ತ, 'ಅಷ್ಟು ಉದ್ದ ತೆಗೆದಿದ್ದಾರೆ, ಅದರಲ್ಲಿ ಇದೊಂದನ್ನೇ ಯಾಕೆ ತೋರಿಸ್ತಾರೆ' ಎಂದು ಸಮಾಧಾನ ಮಾಡಿಕೊಂಡರು. ಮನೆಗೆ ಬರುವಷ್ಟರಲ್ಲಿ, 'ಇದೊಂದನ್ನೇ ತೋರಿಸದೆ ಇನ್ನೇನನ್ನು ತೋರಿಸ್ತಾರೆ' ಅನ್ನಿಸತೊಡಗಿತ್ತು.

ಪ್ರಸಾರದ ವಾರ ಬಂದೇ ಬಂತು. ಕಲ್ಲಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಸೊಪ್ಪು ತರುವ ನೆಪದಲ್ಲಿ ಕೇಬಲ್ಲಿನ ಪರಶುರಾಮನ ಅಂಗಡಿಗೆ ಹೋದರು.

"ಪರಶುರಾಮ, ಒಂದು ಮಾತು. ಶನಿವಾರ ಸಾಯಂಕಾಲ ನಮ್ಮನೆ ಲೈನು ಸ್ವಲ್ಪ ಹೊತ್ತು ಬರದೇ ಇದ್ರೆ ಏನಾಗುತ್ತಪ್ಪ?"

"ಬರದೇ ಇದ್ರೆ ಅಂತ ಯಾಕೆ ಹೆದರ್ತೀರ ಕಲ್ಲಮ್ಮನೋರೆ? ನೀವು ಟೀವೀಲಿ ಬರೋ ದಿನ ನಿಮ್ಮನೇಲೇ ಬರ್ಲಿಲ್ಲ ಅಂದ್ರೆ ಏಕಾಂತಪ್ಪನೋರು ನನ್ನ ಕಂಬಕ್ಕೇ ಕಟ್ಟಿಹಾಕ್ತಾರೆ. ನಾಳೆ ನಾನೇ ಬಂದು ಹೊಸ ವೈರ್ ಎಳ್ದು ಕೊಡ್ತೀನಿ, ನಿಶ್ಚಿಂತೆಯಾಗಿ ಹೋಗಿ."

"ಹಂಗಲ್ಲ ಕಣೋ…"

"ದುಡ್ಡೇನೂ ಬೇಡ. ನಮ್ಮ ಓಣಿಯೋರು ಟೀವೀಲಿ ಬರ್ತಿದೀರ, ಅಷ್ಟೂ ಮಾಡ್ಬಾರ್ದಾ?"

ಮಾತಿಗೆ ತಪ್ಪದೆ ಬಂದ. ಹೊಸ ವೈರು ಎಳೆದ ಮೇಲೆ ಟೀವಿಯಲ್ಲಿ ವಾರ್ತೆ ಓದುವವರ ಮೂಗಿನ ಮೇಲಿನ ಮಚ್ಚೆಯೂ ಕಾಣಿಸುವಷ್ಟು ಚಿತ್ರ ಸ್ವಚ್ಛವಾಯಿತು. ಕಲ್ಲಮ್ಮ ಅವನಿಗೆ ಕಾಫಿ ಮಾಡಿ ಕೊಡಬೇಕಾಯಿತು.

ಶುಕ್ರವಾರ ಇನ್ನೊಂದು ಉಪಾಯ ಹೂಡಿದರು. "ನಾಳೆ ಎಲ್ಲಾ ಶಿವಮೊಗ್ಗಕ್ಕೆ ಹೋಗಿಬರೋಣ್ವಾ? ಬೀಗಿತ್ತಿನ ನೋಡಿ ಬಹಳ ದಿನ ಆಯ್ತು" ಎಂದರು. ದಾರಿಯಲ್ಲಿ ಬಸ್ಸು ತಡವಾದರೆ ಆರೂವರೆ ದಾಟಿಹೋಗುತ್ತದೆ ಎಂಬ ಲೆಕ್ಕ. ಏಕಾಂತಪ್ಪನವರಿಗೆ ಮಾತು ಹಿಡಿಸಿತು. "ಒಳ್ಳೇ ಯೋಚ್ನೆ. ಆದ್ರೆ ನಾವ್ಯಾಕೆ ಹೋಗ್ಬೇಕು? ಹೊಸ ವೈರ್ ಬೇರೆ ಹಾಕಿದೆ. ಅವ್ರನ್ನೇ ಇಲ್ಲಿಗೆ ಕರಿ, ಒಟ್ಟಿಗೆ ಕೂತು ನೋಡೋಣ" ಎಂದು ತಾವೇ ಫೋನ್ ಮಾಡಿದರು.

ಹೀಗೆ ಶನಿವಾರ ಮಧ್ಯಾಹ್ನ ಜಗದಾಂಬಾ, ಗಾಂಧಿ ಬಜಾರಿನಿಂದ ನಾಲ್ಕು ಮೊಳ ಮಲ್ಲಿಗೆ ತೆಗೆದುಕೊಂಡು ಬಂದಿಳಿದರು. ಇದ್ದ ಸಂಕಟ ಸಾಲದೆಂದು ಕಲ್ಲಮ್ಮ ತಾವೇ ಇನ್ನೊಂದನ್ನು ಬಂಡಿ ಕಟ್ಟಿ ಕರೆಸಿಕೊಂಡ ಹಾಗಾಯಿತು.

ಆರೂವರೆಗೆ ಎಲ್ಲರೂ ಕೂತರು. ದಿವಾನದಲ್ಲಿ ಮಲ್ಲೇಶನ ಪಕ್ಕ ಜಗದಾಂಬಾ. ತನುಜಾ ಅಂದು ಏನನ್ನೂ ಬಿಡಿಸುತ್ತಿರಲಿಲ್ಲ, ಒಳ್ಳೆಯ ಸೀರೆ ಉಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕಲ್ಲಮ್ಮ ಹೊಸ್ತಿಲ ಮೇಲೆ. ಬೇರೆ ದಿನ ಕರೆಂಟು ಹೋದರೆ ಬೈಯುತ್ತಿದ್ದವರು ಅಂದು, ಹೋಗಲಿ ದೇವರೇ ಎಂದು ಬಲ್ಬನ್ನೇ ನೋಡುತ್ತಿದ್ದರು. ಬಲ್ಬು ಮಿಣಕ್ ಅನ್ನಲಿಲ್ಲ.

ಮೊದಲು ಊರು ತೋರಿಸಿದರು, ತುಂಗಾ ಸೇತುವೆ ತೋರಿಸಿದರು. "ನಮ್ಮ ಬಜಾರ್!" ಎಂದು ಜಗದಾಂಬಾ ಕೂಗಿದರು. ಮೊದಲ ಜೋಡಿ ಪುಳಿಯೋಗರೆ ಮಾಡಿತು. ಏಕಾಂತಪ್ಪ, "ಬಾಯಿಗಿಟ್ಲು, ಬಾಯಿಗಿಟ್ಲು" ಎಂದರು. ಜಾಹೀರಾತು ಬಂತು, ಹೋಯಿತು. ಆಮೇಲೆ ತನುಜಾ ಬಂದಳು. ಸೌಂದರ್ಯ ಚಪ್ಪಾಳೆ ತಟ್ಟಿ ಎದ್ದು ನಿಂತಳು. "ಕೂತ್ಕೋ ಮಗಾ, ನಿನ್ನ ತಲೆ ಅಡ್ಡ" ಎಂದ ಮಲ್ಲೇಶ್.

ಟೀವಿಯಲ್ಲಿ ಕಾರ್ಯಕ್ರಮ ನಡೆಸುವ ಹುಡುಗಿ ಮೈಕು ಹಿಡಿದು ಕೇಳಿದಳು, "ನೀವು ಉಪ್ಪು, ಖಾರ ರುಚಿ ನೋಡೋದೇ ಇಲ್ವಾ?"

ಟೀವಿಯೊಳಗಿನ ತನುಜಾ ಕತ್ತು ನೇರ ಮಾಡಿಕೊಂಡಳು. "ಇಲ್ಲ. ನಮ್ಮನೇಲಿ ಲಿಂಗಕ್ಕೆ ಅರ್ಪಿಸೋ ಮುಂಚೆ ಯಾರೂ ರುಚಿ ನೋಡಲ್ಲ. ನಮ್ಮತ್ತೆ ನಲವತ್ತು ವರ್ಷದಿಂದ ನೋಡ್ದೆನೇ ಮಾಡ್ತಿದಾರೆ. ಒಂದು ದಿನಾನೂ ಉಪ್ಪು ಹೆಚ್ಚು ಕಮ್ಮಿ ಆಗಿಲ್ಲ."

"ಭೇಷ್!" ಎಂದರು ಏಕಾಂತಪ್ಪ.

ಆ ಭೇಷ್ ಇನ್ನೂ ಅವರ ಬಾಯಲ್ಲಿರುವಾಗಲೇ ಚಿತ್ರ ಬದಲಾಯಿತು. ಪಕ್ಕದಿಂದ ತೆಗೆದ ಕಲ್ಲಮ್ಮ, ಟೀವಿಯ ತುಂಬ. ಸೌಟು ಎತ್ತಿದರು, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡರು, ಸೆರಗು ಮುಖಕ್ಕೆ ಬಂತು. ಅದರ ಹಿಂದೆ ನಾಲಿಗೆ ಅಂಗೈಗೆ ಹೋಯಿತು. ಕಣ್ಣು ಅರೆ ಮುಚ್ಚಿ ಒಂದು ಗಳಿಗೆ ಯೋಚಿಸಿ, ಚಿಟಿಕೆ ಉಪ್ಪು ಹಾಕಿ, ಇನ್ನೊಂದು ಸಲ. ಚಾನೆಲ್ಲಿನವರು ಅಷ್ಟಕ್ಕೆ ತೃಪ್ತರಾಗದೆ ಅದನ್ನು ಮತ್ತೊಮ್ಮೆ ನಿಧಾನವಾಗಿ ತೋರಿಸಿ, ನಾಲಿಗೆ ಹೊರಗೆ ಬಂದಾಗ 'ಟಿಣ್' ಎಂದು ಗಂಟೆ ಬಾರಿಸಿದರು.

ಕೋಣೆಯಲ್ಲಿದ್ದ ಮನೆಯವರಿಗೆಲ್ಲ ಆ ಸೆರಗು ಗೊತ್ತಿತ್ತು. ದಿನಕ್ಕೆರಡು ಹೊತ್ತು ಅದು ಮುಖಕ್ಕೆ ಹೋಗುವುದನ್ನು ನೋಡಿಕೊಂಡೇ ಅವರೆಲ್ಲ ಉಂಡು ಬೆಳೆದವರು. ಇದು ಒಂದು ದಿನದ ಆಪತ್ತಿಗೆ ಮಾಡಿದ್ದಲ್ಲ ಎಂಬುದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಲ್ಲೇಶ್ ನಗು ತಡೆಯಲು ಹೋಗಿ ಕೆಮ್ಮಿದ. ಜಗದಾಂಬಾ ಮಾತ್ರ ಏನನ್ನೂ ತಡೆಯಲಿಲ್ಲ.

"ಅಯ್ಯೋ ಬೀಗಿತ್ತಿ, ಎಷ್ಟೊಂದು ಬೆವರು! ಆ ಮಂಟಪದೋರು ಒಂದು ಫ್ಯಾನಾದ್ರೂ ಹಾಕ್ಬಾರ್ದಿತ್ತಾ?" ಎಂದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ನನ್ನ ಮಗಳ ತೊವ್ವೆ ಎಮ್ಮೆ ಬಾನಿಗೆ. ನಿಮ್ಮ ಸಾರಿಗೆ ಮಿಕ್ಸಿ. ಏನು ನ್ಯಾಯ ಮಾರಾಯ್ತಿ ಇದು!"

ಟೀವಿಯಲ್ಲಿ ತೀರ್ಪುಗಾರರು ಸಾರಿನ ಉಪ್ಪು ಹದವಾಗಿದೆ ಎಂದು ಹೊಗಳುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಏಕಾಂತಪ್ಪ ಬೆತ್ತದ ಕುರ್ಚಿಯಿಂದ ಎದ್ದು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಬಹುಮಾನ ಕೊಡುವ ಮುಂಚೆ ಅವರು ಎದ್ದು ಹೋದದ್ದು ಅದೇ ಮೊದಲು.

ಕಲ್ಲಮ್ಮ ಒಳಗೆ ಬಂದು ಸಾರಿಗೆ ಬೇಳೆ ಕಡೆಯಲು ಕೂತರು. ಮಗ ನಕ್ಕದ್ದು, ಬೀಗಿತ್ತಿ ಚುಚ್ಚಿದ್ದು ಎರಡೂ ಅವರಿಗೆ ಅಷ್ಟಾಗಿ ನಾಟಿರಲಿಲ್ಲ. ಅದಕ್ಕೆ ಅವರು ಸಿದ್ಧರಾಗಿದ್ದರು. ಅವರು ಹೆದರಿದ್ದದ್ದು ಎಂಟು ಗಂಟೆಗೆ. ಎಂಟಕ್ಕೆ ಆ ಮನುಷ್ಯ ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಎಡೆ ತಾ ಅನ್ನಬೇಕು. ಇಂದು ಅನ್ನದಿದ್ದರೆ? ಇನ್ನು ಮುಂದೆ ನಿನ್ನ ಕೈ ಅಡುಗೆ ಲಿಂಗಕ್ಕೆ ಬೇಡ ಅಂದುಬಿಟ್ಟರೆ?

ತನುಜಾ ಬಂದು ಒಲೆಯ ಕಟ್ಟೆಗೆ ಒರಗಿ ನಿಂತಳು. ಅವಳ ಮುಖ ಕೆಂಪಾಗಿತ್ತು.

"ನಾನು ಊರಿಗೆಲ್ಲ ಹಂಗೆ ಹೇಳ್ತಾ ನಿಂತಿದೀನಿ. ಹಿಂದ್ಗಡೆ ನೀವು… ನಾನು ಎಂಥಾ ಪೆದ್ದಿ ಆಗೋದೆ ಅತ್ತೆ!"

"ಪೆದ್ದಿ ಆಗಿದ್ದು ನೀನಲ್ಲ ಕಣೆ, ನಾನು."

"ಹತ್ತು ವರ್ಷ ನಾನು ಅಂದಾಜಿನ ಮೇಲೆ ಅಡಿಗೆ ಮಾಡಿದೀನಿ. ದಿನಾ ಹೆದರ್ಕೊಂಡು. ನಿಮ್ಮ ಕೈಗುಣ ನಂಗಿಲ್ಲ ಅಂತ ಎಷ್ಟು ಸಲ ಅತ್ತಿದೀನಿ ಗೊತ್ತಾ?"

ಕಲ್ಲಮ್ಮ ಕಡೆಗೋಲು ನಿಲ್ಲಿಸಿದರು. ಇದ್ದದ್ದನ್ನೇ ಹೇಳಿದರು.

"ಆ ತೊವ್ವೆ… ಬಾನಿಗೆ ಸುರಿಯೋ ಮುಂಚೆ ಹಿತ್ಲಲ್ಲಿ ನಾನೂ ಒಂದು ಬೆರಳು ನೋಡ್ದೆ. ಸರಿಯಾಗೇ ಇತ್ತು ತನುಜಾ. ನಾನು ಮಾಡಿದ್ರೂ ಅಷ್ಟು ಚೆನ್ನಾಗಿರ್ತಿರ್ಲಿಲ್ಲ."

ತನುಜಾ ಅವರನ್ನೇ ನೋಡಿದಳು. "ನೋಡಿದ್ರಾ? ನೋಡಿ ಆಮೇಲೆ ಸುರಿದ್ರಾ?"

"ಹೂಂ."

"ಎಮ್ಮೆ ಪುಣ್ಯವಂತೆ ಬಿಡಿ" ಎಂದಳು ತನುಜಾ. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೂ ಕಡೆಗೋಲು ಅತ್ತೆಯ ಕೈಯಿಂದ ತಾನು ತೆಗೆದುಕೊಂಡಳು.

ಸಾರು ಒಲೆ ಏರಿ ಕುದಿಯತೊಡಗಿದಾಗ ಏಕಾಂತಪ್ಪ ಬಾಗಿಲಲ್ಲಿ ಬಂದು ನಿಂತರು. ನೀರು ಕೇಳಲಿಲ್ಲ. ಒಲೆಯನ್ನೇ ನೋಡುತ್ತ ಕೇಳಿದರು.

"ಯಾವಾಗಿಂದ?"

"ಬಂದ ವರ್ಷದಿಂದ."

"ಅವ್ವ ಇದ್ದಾಗ್ಲೇ?"

"ಅತ್ಯಮ್ಮ ಪಡಸಾಲೇಲಿ ಕೂತಿರ್ತಿದ್ರು. ನಾನು ಒಲೆ ಕಡೆ ತಿರುಗಿರ್ತಿದ್ದೆ."

"ನಂಗಾದ್ರೂ ಒಂದು ಮಾತು ಹೇಳ್ಬೋದಿತ್ತಲ್ಲ?"

ಕಲ್ಲಮ್ಮ ಅಲ್ಲಿಯವರೆಗೆ ತಲೆ ತಗ್ಗಿಸಿಯೇ ಇದ್ದರು. ಈ ಮಾತಿಗೆ ತಲೆ ಎತ್ತಿದರು.

"ನಿಮಗೇನಂತ ಹೇಳ್ಲಿ? ತರೀಕೆರೆಯಿಂದ ನಿಮ್ಮ ಸೋದರಮಾವ ಬಂದಿದ್ರು. ನಾನು ಹೊಸಬಳು, ಗಡಿಬಿಡೀಲಿ ಸಾರಿಗೆ ಉಪ್ಪು ಹಾಕೋದೇ ಮರ್ತಿದ್ದೆ. ನೀವು ಎರಡು ತುತ್ತು ತಿಂದು, ತಟ್ಟೆ ತಳ್ಳಿ ಎದ್ದು ಹೋದ್ರಿ. ಅವ್ರೆಲ್ಲರ ಎದುರಿಗೇ."

"ನಾನಾ? ಎದ್ದು ಹೋಗಿದ್ನಾ?"

"ಹೋಗಿದ್ರಿ. ಹೋಟ್ಲಲ್ಲಿ ದೋಸೆ ತಿಂದು ಬಂದ್ರಿ. ನಾನು, ಅತ್ಯಮ್ಮ ಆವತ್ತು ಉಪವಾಸ. ಅವ್ರು ನೋಡಿ ಮಾಡ್ಬೇಡ ಅಂತಾರೆ, ನೀವು ಉಪ್ಪಿಲ್ಲ ಅಂತ ಎದ್ದು ಹೋಗ್ತೀರ. ಇಬ್ರ ನಡುವೆ ನಾನೇನು ಮಾಡ್ಲಿ ಹೇಳಿ? ತಪ್ಪಾದ್ರೆ ಲಿಂಗಯ್ಯ ಹೊಟ್ಟೆಗೆ ಹಾಕ್ಕೋತಾನೆ, ಇವ್ರು ಹಾಕ್ಕೊಳಲ್ಲ ಅಂದ್ಕೊಂಡೆ. ಹಂಗೇ ಶುರುವಾಯ್ತು."

ಏಕಾಂತಪ್ಪ ಹೆಗಲ ಮೇಲಿನ ಟವೆಲ್ಲನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು. ತರೀಕೆರೆಯ ಮಾವ ನೆನಪಾದರು, ಅವರ ಕೋಟು ನೆನಪಾಯಿತು. ತಾನು ತಟ್ಟೆ ತಳ್ಳಿದ್ದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಗಾಗಿಯೇ ಅದು ನಿಜವಿರಬೇಕು ಅನ್ನಿಸಿತು. ಅವಳು ಸುಳ್ಳು ಹೇಳುವುದಾಗಿದ್ದರೆ ಇನ್ನೂ ದೊಡ್ಡದೇನಾದರೂ ಹೇಳುತ್ತಿದ್ದಳು.

ತನುಜಾ ನಡುವೆ ಬಾಯಿ ಹಾಕಿದಳು. "ಮಾವ, ಒಂದು ಕೆಲಸ ಮಾಡೋಣ. ಲಿಂಗಕ್ಕೆ ಅಂತ ಮೊದ್ಲೇ ಒಂದು ಬಟ್ಟಲು ಸಾರು ಬೇರೆ ತೆಗೆದಿಟ್ಬಿಡ್ತೀವಿ. ಅದನ್ನ ಯಾರೂ ಮುಟ್ಟೋದು ಬೇಡ. ಮಿಕ್ಕಿದ್ದನ್ನ ನಾವು ಉಪ್ಪು ಖಾರ ನೋಡಿ ಸರಿ ಮಾಡ್ಕೋತೀವಿ. ಆಗ್ಬಹುದಾ?"

ಏಕಾಂತಪ್ಪ ಇದನ್ನು ಕಾರ್ಖಾನೆಯ ಕಡೆಯಿಂದ ಯೋಚಿಸಿ ನೋಡಿದರು. "ಮಿಷಿನ್ನಿಂದ ಸ್ಯಾಂಪಲ್ ತೆಗೆದಿಟ್ಟಂಗೆ" ಎಂದರು. ಟವೆಲ್ಲನ್ನು ಕೈಗೆ ತೆಗೆದುಕೊಂಡು, "ನೀರು ಕಾದಿದೆಯಾ? ಸ್ನಾನಕ್ಕೆ ಹೋಗ್ತೀನಿ" ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ಕಲ್ಲಮ್ಮನ ಕೈಕಾಲಿಗೆ ಚಕ್ರ ಬಂತು. ಬೆಳ್ಳಿಯ ಬಟ್ಟಲು ತೊಳೆದರು, ಕುದಿಯುತ್ತಿದ್ದ ಸಾರನ್ನು ತುಂಬಿದರು, ಅವರು ಸ್ನಾನ ಮುಗಿಸಿ ಬರುವ ಹೊತ್ತಿಗೆ ಅನ್ನದ ಜೊತೆ ಒಯ್ದು ಪೂಜೆಯ ಮಣೆಯ ಮುಂದಿಟ್ಟು ಬಂದರು. ಆಮೇಲೆ ಸೌಟು ಹಿಡಿದು, ಸೆರಗನ್ನು ಎತ್ತದೆ, ಸೊಸೆಯ ಎದುರಿಗೇ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನಾಲಿಗೆಗೆ ತಾಗಿಸಿದರು.

"ಅಯ್ಯೋ ತನುಜಾ. ಉಪ್ಪೇ ಹಾಕಿಲ್ಲ."

ಅಷ್ಟರಲ್ಲಿ ಪೂಜೆ ಶುರುವಾಗಿತ್ತು. ಇಟ್ಟ ಬಟ್ಟಲನ್ನು ಇನ್ನು ತೆಗೆಯುವ ಹಾಗಿರಲಿಲ್ಲ. ಅತ್ತೆ ಸೊಸೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದರು. ಏಕಾಂತಪ್ಪ ಲಿಂಗವನ್ನು ಅಂಗೈಯಲ್ಲಿಟ್ಟು ಅರ್ಪಿಸಿದರು, ಕಣ್ಣು ಮುಚ್ಚಿ ಕೂತರು, ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡರು. ಬಟ್ಟಲಿನ ಸಾರನ್ನು ಅನ್ನಕ್ಕೆ ಸುರಿದು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಕಲ್ಲಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ದವಡೆ ಮತ್ತೆ ಆಡಿತು. ಎರಡನೆಯ ತುತ್ತು, ಮೂರನೆಯದು. ತಟ್ಟೆಯಲ್ಲಿ ಒಂದು ಅಗುಳು ಉಳಿಯದ ಹಾಗೆ ಅಷ್ಟನ್ನೂ ಉಂಡರು.

ಪಕ್ಕದ ತಟ್ಟೆಗೆ ಬಂದು ಕೂತಿದ್ದ ಜಗದಾಂಬಾ ಕೆಣಕಿದರು, "ಹೆಂಗಿದೆ ಬೀಗ್ರೆ ಸಾರು?"

"ಪ್ರಸಾದ ಹೆಂಗಿದೆ ಅಂತ ಕೇಳೋದುಂಟೇನ್ರಿ" ಎಂದರು ಏಕಾಂತಪ್ಪ. ಬಾಗಿಲ ಕಡೆ ತಿರುಗಿ, "ಏಯ್, ಇನ್ನೊಂದು ಸ್ವಲ್ಪ ಅನ್ನ ತಾ. ಅದು… ನೋಡಿರೋ ಸಾರೂ ತಾ" ಎಂದರು.

ಕಲ್ಲಮ್ಮ ಉಪ್ಪು ಹಾಕಿದ ಸಾರಿನ ಪಾತ್ರೆ ಹಿಡಿದು ಬಂದರು. ಹಿಂದೆಯೇ ತನುಜಾ ಬಂದಳು, ಇಬ್ಬರೂ ಪಿಸುಮಾತಿನಲ್ಲಿ ಜಗಳವಾಡುತ್ತಲೇ ಬಂದರು.

"ಏನ್ರೇ ಅದು?"

"ನಾನು ಉಪ್ಪು ಸರಿಯಾಗಿದೆ ಅಂತೀನಿ. ಇವ್ಳು ಕಮ್ಮಿ ಅಂತಾಳೆ."

"ಕಮ್ಮಿನೇ ಮಾವ. ಬೇಕಾದ್ರೆ ನೀವೇ ನೋಡಿ."

ಏಕಾಂತಪ್ಪ ಒಂದು ತುತ್ತು ಉಂಡು, ತೀರ್ಪುಗಾರರ ಹಾಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತರು. ಮಲ್ಲೇಶ್ 'ಟಿಣ್' ಎಂದ. ಸೌಂದರ್ಯಳಿಗೆ ಅನ್ನ ನೆತ್ತಿಗೇರುವಷ್ಟು ನಗು ಬಂತು.

"ತನುಜಾ ಹೇಳಿದ್ದೇ ಸರಿ. ಒಂದು ಚಿಟಿಕೆ ಬೇಕು."

ಕಲ್ಲಮ್ಮ ಒಳಗೆ ಹೋಗಿ ಕಲ್ಲುಪ್ಪಿನ ಭರಣಿಯನ್ನು ತಂದು ಸೊಸೆಯ ಕೈಗೆ ಕೊಟ್ಟರು.

"ಹಾಕು ಮಾರಾಯ್ತಿ, ನೀನೇ ಹಾಕು. ಜಾಸ್ತಿ ಆದ್ರೆ ಬೈಯೋಕೆ ನಾನಿದೀನಿ."